ಪಟ್ಟಿಯೋ, ಚುಕ್ಕಿಯೋ

ಬೇತ್ರಿ ದಾಟಿ ಬಾಣೆಯಿಂದ ಕೆಳಗಿಳಿದರೆ ದೇಚವ್ವನ ಗದ್ದೆ.
ಗದ್ದೆ ಎನ್ನುವುದು ಪಹಣಿಯಲ್ಲಿ ಮಾತ್ರ.
ನಾಲ್ಕು ವರ್ಷದಿಂದ ನಾಟಿಯಿಲ್ಲ;
ನೆಟ್ಟದ್ದನ್ನೆಲ್ಲ ಆನೆ ತುಳಿದ ಮೇಲೆ
ಮುದುಕಿ ನೇಗಿಲನ್ನು ಅಟ್ಟಕ್ಕೆ ಹಾಕಿ
ಒಂದು ಹಸು ಇಟ್ಟುಕೊಂಡಳು.

ನನ್ನ ಕಸುಬು ಆ ಹಸು.
ಬೈಕಿನ ಹಿಂದೆ ನೈಟ್ರೋಜನ್ ಕ್ಯಾನು, ಅದರೊಳಗೆ
ಕಡ್ಡಿ ಕಡ್ಡಿಯಾಗಿ ಹೆಪ್ಪುಗಟ್ಟಿದ ಹೋರಿಗಳು.
ಅಂಗಿಯ ಜೇಬಿನಲ್ಲಿ ಮಾತ್ರ
ಕಚೇರಿ ಕೊಡದ ಭೂತಗನ್ನಡಿ.

ಮಳೆ ಬಿಟ್ಟು ಬಿಸಿಲು ಬಿದ್ದ ಮೊದಲ ಬೆಳಿಗ್ಗೆ
ಜೌಗಿನ ಹುಲ್ಲಿನಲ್ಲಿ, ಮೊಣಕಾಲಿನ ಎತ್ತರದಲ್ಲಿ
ಏನೋ ಒಂದು ಪುಟಿಯಿತು.
ಹಾರಿತು ಎನ್ನಲಾರೆ. ಕಂಡ ಜಾಗದಲ್ಲಿ ಇರಲಿಲ್ಲ,
ಕಾಣದ ಜಾಗದಲ್ಲಿ ಕೂತಿತ್ತು.
ಹೆಬ್ಬೆರಳ ಉಗುರಿನಷ್ಟು. ಮೈ ದಪ್ಪ, ಮೀಸೆ ಗಿಡ್ಡ,
ಮುಂದಿನ ರೆಕ್ಕೆ ಅರ್ಧ ಎತ್ತಿ, ಹಿಂದಿನದನ್ನು ಚಪ್ಪಟೆ ಹಾಸಿ.
ಸ್ಕಿಪ್ಪರ್‌ಗಳು ಕೂರುವುದೇ ಹೀಗೆ,
ಹೊರಟವರೋ ಬಂದವರೋ ತಿಳಿಯದ ಹಾಗೆ.

ಕಂದಿನ ಮೇಲೆ ಕಿತ್ತಳೆ. ಅಷ್ಟಕ್ಕೇ ಹೆಸರು ಹೇಳಲಾಗದು.
ಡಾರ್ಟ್ ಆದರೆ ಹಿಂದಿನ ರೆಕ್ಕೆಯ ಅಡಿಮೈಗೆ ಹಳದಿ ಪಟ್ಟಿ.
ಬುಶ್ ಹಾಪರ್ ಆದರೆ ಪಟ್ಟಿಯಿಲ್ಲ,
ಹಳದಿಯ ಮೇಲೆಲ್ಲ ಕಪ್ಪು ಚುಕ್ಕಿ,
ಕರಿಮೆಣಸು ಕುಟ್ಟಿ ಉದುರಿಸಿದಂತೆ.
ಅಡಿಮೈ ನೋಡಬೇಕು. ಅದು ತೋರಿಸಬೇಕು.

ಇಪ್ಪತ್ತೊಂದು ದಿನಕ್ಕೆ ಹಸು ಮತ್ತೆ ಬೆದೆಗೆ ಬಂತು.
ನನಗೆ ಬೇಸರವಾಗಲಿಲ್ಲ.
ಆ ಸಲ ಕೆಸರಿಗೆ ಒಂದು ಬೂಟು ಕೊಟ್ಟೆ,
ಜಿಗಣೆಗಳಿಗೆ ಎರಡೂ ಕಾಲು.
ಮೋಡ ಕವಿಯಿತು. ಮೋಡ ಕವಿದರೆ ಅದು ಇಲ್ಲ.
ಬೇಲಿಯಾಚೆಯಿಂದ ದೇಚವ್ವ:
“ಹಸು ಇರೋದು ಕೊಟ್ಟಿಗೆಯಲ್ಲಿ ಡಾಕ್ಟ್ರೇ,
ಅಲ್ಲೆಂತ ಬಗ್ಗಿ ಹುಡುಕ್ತೀರಿ?”
ನಾನು ಡಾಕ್ಟರಲ್ಲ. ತಿದ್ದಲಿಲ್ಲ.

ಕೊಟ್ಟಿಗೆಯಲ್ಲಿ ಅವಳು ಹುಲ್ಲಿನ ಹೊರೆ ಬಿಚ್ಚಿದಳು.
ಎಲ್ಲಿ ಕೊಯ್ದದ್ದು? ಆನೆ ಹೆಜ್ಜೆಯಲ್ಲಿ.
ಕಾಲು ಹೂತಲ್ಲೆಲ್ಲ ಮೊರದಗಲದ ಗುಂಡಿ,
ಬೇಸಿಗೆಗೂ ಆರದ ನೀರು,
ಅದರ ಅಂಚಿಗೆ ಭತ್ತದ ಈ ಕಾಡು ದಾಯಾದಿ,
ಹುಷಾರಿಲ್ಲದೆ ಎಳೆದರೆ ಬೆರಳು ಕೊಯ್ಯುತ್ತದೆ.
ಹಸು ನಾಲಿಗೆ ಚಾಚಿದ ಎಸಳೊಂದು ಸುರುಳಿಯಾಗಿತ್ತು.
ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ
ಹಸುವಿನ ಬಾಯಿಂದ ಮೇವು ಕಿತ್ತದ್ದು ಅದೊಂದೇ ಸಲ.
ಒಳಗೆ, ರೇಷ್ಮೆ ಎಳೆಯ ಹೊಲಿಗೆಯ ನಡುವೆ,
ಹಸಿರು ಹುಳು.

ಸೂಜಿಯ ಡಬ್ಬದಲ್ಲಿ ಸಾಕಿದೆ.
ಎಲೆ ಸುತ್ತಿ ಮನೆ, ಆ ಮನೆಯನ್ನೇ ತಿಂದು ಊಟ,
ತಿಂದು ಮುಗಿದರೆ ಇನ್ನೊಂದು ಮನೆ.
ಹಿಕ್ಕೆಯನ್ನು ಮಾತ್ರ ಒಳಗಿಡುವುದಿಲ್ಲ, ಸಿಡಿಸುತ್ತದೆ,
ಮುಚ್ಚಳಕ್ಕೆ ಟಕ್ ಎಂದು ತಾಗುವಷ್ಟು ದೂರ,
ವಾಸನೆ ಹಿಡಿದು ಕಣಜ ಬಾರದಿರಲೆಂದು.
ನಮ್ಮ ಕ್ವಾರ್ಟರ್ಸಿನಲ್ಲಿ ಇಷ್ಟು ಚೊಕ್ಕ ಬಾಡಿಗೆದಾರ ಬೇರಿಲ್ಲ.
ಆಮೇಲೆ ತಿನ್ನುವುದನ್ನು ಬಿಟ್ಟಿತು.
ನಾನು ಡಬ್ಬ ಅಲುಗಿಸುವುದನ್ನು ಬಿಟ್ಟೆ.

ಒಂದು ಬೆಳಿಗ್ಗೆ, ಹಲ್ಲುಜ್ಜುತ್ತ ನೋಡಿದರೆ,
ಒದ್ದೆ ರೆಕ್ಕೆ ಮಡಚಿ ನೇತಾಡುತ್ತಿತ್ತು,
ಅಡಿಮೈ ಪೂರ್ತಿ ನನ್ನ ಕಡೆಗೆ.
ಮೆಣಸು.
ಪಟ್ಟಿಯಿಲ್ಲ.

ಬಿಡಲು ಹೋದಾಗ ದೇಚವ್ವ ಕನ್ನಡಕ ಏರಿಸಿದಳು. “ಇದಾ?
ಭತ್ತದ ಎಲೆ ಸುತ್ತೋದಲ್ವಾ ಇದು?
ನಮ್ಮತ್ತೆ ಇದಕ್ಕೆ ಬೂದಿ ಎರಚ್ತಿದ್ರು.”
ಹೆಸರು ಹೇಳಿದೆ. ಅವಳಿಗೆ ಬೇಕಾಗಿರಲಿಲ್ಲ.
ಅವಳು ನೋಡುತ್ತಿದ್ದದ್ದು ಗದ್ದೆಯನ್ನು,
ಒಂದು ಬದುವಿನಿಂದ ಇನ್ನೊಂದು ಬದುವಿನವರೆಗೆ,
ಚಿಟ್ಟೆ ಹೋಗಿ ತುಂಬ ಹೊತ್ತಾದ ಮೇಲೂ.

ಹಸುವಿನದು ಇನ್ನೂ ಗೊತ್ತಿಲ್ಲ.
ಮೂರು ತಿಂಗಳಾಗಬೇಕು. ಭುಜದವರೆಗೆ ಕೈ ಹಾಕಿ
ಕತ್ತಲೆಯಲ್ಲಿ ಬೆರಳಿಂದ ಓದಬೇಕು.
ರಿಜಿಸ್ಟರಿನ ಆ ಸಾಲಿನಲ್ಲಿ ದೇಚವ್ವನ ಹೆಸರು,
ಹಸುವಿನ ಬಣ್ಣ, ಹೋರಿಯ ನಂಬರು,
ಫಲಿತಾಂಶದ ಜಾಗ ಖಾಲಿ.
ಷರಾ ಕಾಲಮಿನಲ್ಲಿ, ಮೇಲಿನವರು ಕೇಳಿದರೆ
ಪೆನ್ನು ಸೋರಿತು ಎನ್ನಬಹುದಾದಷ್ಟು ಸಣ್ಣಗೆ,
ಏಳೆಂಟು ಚುಕ್ಕಿ ಇಟ್ಟಿದ್ದೇನೆ.